ಆಯಿಯ ಕೌದಿ, ಅಜ್ಜನ ಗಡಿಯಾರ

ಕೌದಿಯನ್ನು ನೋಡಬೇಕಾದರೆ ಬಿಸಿಲಿಗೆ ಹರವಿದಾಗ ನೋಡಬೇಕು. ಮಡಚಿ ಅಟ್ಟದ ಮೇಲಿಟ್ಟಾಗ ಅದು ಬರೀ ಭಾರದ ಬಟ್ಟೆಗಂಟು. ಚಳಿ ಕಳೆದು ಹೋಳಿಹುಣ್ಣಿಮೆ ಬರುವ ಹೊತ್ತಿಗೆ ಮಾಳಿಗೆಯ ಮೇಲೆ ನಾಲ್ಕೂ ಮೂಲೆ ಎಳೆದು ಹಾಸಿದರೆ ಅದರ ಬಣ್ಣಗಳು ಒಂದೊಂದಾಗಿ ಎದ್ದು ಬರುತ್ತವೆ. ಬಾಗಲಕೋಟೆ ಜಿಲ್ಲೆಯ ನನ್ನ ತವರಿನದು ಅಂಥದೊಂದು ಕೌದಿ. ಅದರ ನಟ್ಟನಡುವೆ ದಾಳಿಂಬೆ ಬಣ್ಣದ ಒಂದು ಚೌಕ. ಅವ್ವನ ಇಳಕಲ್ ಸೀರೆಯ ಸೆರಗು ಅದು. ಕೆಂಪಿನ ಮೇಲೆ ಬಿಳಿಯಲ್ಲಿ ನೆಯ್ದ ತೋಪುತೆನಿ ಇನ್ನೂ ಗುರುತು ಸಿಗುತ್ತದೆ. ಜೋಳದ ತೆನೆಯಂತೆ ಮೇಲೇಳುವ ಆ ಸಾಲುಗಳ ತುದಿ ಮಾತ್ರ ಸವೆದು ನೆಲದ ಕೆಂಪಿನಲ್ಲಿ ಕರಗಿದೆ. ಚೌಕದ ಸುತ್ತ ಗುಳೇದಗುಡ್ಡದ ಖಣದ ಹಸಿರು ಪಟ್ಟಿ, ಅದರಾಚೆ ಅಪ್ಪನ ಧೋತರದ ಬಿಳಿ, ಮೂಲೆಗಳಲ್ಲಿ ಅಣ್ಣನ ಸಾಲಿ ಚಡ್ಡಿಯ ಖಾಕಿ, ಒಂದು ಬದಿಗೆ ನನ್ನದೇ ಚೀಟಿಬಟ್ಟೆಯ ಲಂಗದ ಹೂಗಳು.

ಹತ್ತಿರ ಕುಳಿತು ನೋಡಿದರೆ ಸೆರಗಿನ ಚೌಕದ ಒಂದು ಅಂಚಿನಲ್ಲಿ ಬೆರಳಿಗೆ ತಾಕುವಂಥ ಸಣ್ಣ ಏರು ಸಿಗುತ್ತದೆ. ಇಳಕಲ್ ನೇಕಾರರ ಕೊಂಡಿ ಅದು. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಉಟ್ಟಾಗ ಕಣ್ಣಿಗೆ ಬೀಳದ ಈ ಕೂಡುಗೆರೆ, ಸೀರೆ ಹಳತಾಗಿ ಗಂಜಿಯೆಲ್ಲ ಹೋಗಿ ಎಳೆ ಸಡಿಲವಾದ ಮೇಲೆ ತಾನಾಗಿ ಕಾಣಿಸಿಕೊಳ್ಳುತ್ತದೆ. ಅವ್ವ ಕತ್ತರಿ ಹಾಕುವಾಗ ಈ ಗೆರೆಯನ್ನು ಬಿಟ್ಟುಕೊಡದೆ ಚೌಕದೊಳಗೇ ಸೇರಿಸಿಕೊಂಡಿದ್ದಾಳೆ. ಬೇಕೆಂದೇ ಮಾಡಿರಬೇಕು. ಅರಿವೆ ಹಾಳುಮಾಡುವುದೆಂದರೆ ಅವಳಿಗೆ ಆಗುತ್ತಿರಲಿಲ್ಲ.

ಕೌದಿಯ ಹೊಲಿಗೆ ನೋಡಲು ಸರಳ. ಒಳಗೆ ಮೂರು ನಾಲ್ಕು ಪದರ ಹಳೆ ಸೀರೆ, ಮೇಲೆ ತುಂಡುಗಳ ಜೋಡಣೆ, ದಪ್ಪ ದಾರ, ಉದ್ದ ಸೂಜಿ. ಅಂಚಿನಿಂದ ಶುರುಮಾಡಿ ಗೆರೆಯ ಪಕ್ಕ ಗೆರೆ ಎಳೆಯುತ್ತ ನಡುವಿಗೆ ಬರುವುದು. ದಾರವನ್ನು ಬಿಗಿಯಾಗಿ ಎಳೆದಾಗ ಬಟ್ಟೆ ಸಣ್ಣಗೆ ನಿರಿಗೆಗಟ್ಟುತ್ತದೆ. ಮೈಮೇಲೆ ಹೊದ್ದಾಗ ಹಿತವೆನಿಸುವ ಉಬ್ಬುತಗ್ಗು ಬರುವುದು ಅದರಿಂದಲೇ. ಸಾವಿರ ಸಲ ಒಗೆಸಿಕೊಂಡ ಹತ್ತಿಬಟ್ಟೆಯ ಮೆದುತನ ಯಾವ ಹೊಸ ರಜಾಯಿಗೂ ಬರುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳಿಗೆ ಮೂಲೆಗಳಲ್ಲಿ ಮಡಚಿದ ಬಣ್ಣದ ತ್ರಿಕೋನಗಳಿರುತ್ತವೆ. ಅವುಗಳಿಗೆ ಫೂಲ ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಅವರ ಕಣ್ಣಿಗೆ ಮುಗಿದ ಕೌದಿಯೇ ಅಲ್ಲ. ಅವ್ವನಿಗೂ ಅವಳದೇ ಒಂದು ನೇಮವಿತ್ತು. ಕೊನೆಯ ತುಂಡಿನ ಬಾಯಿ ಮುಚ್ಚುವ ಮೊದಲು ನಾಲ್ಕು ಕಾಳು ಅಕ್ಕಿ ಒಳಗೆ ಹಾಕುತ್ತಿದ್ದಳು. ಕೌದಿಯ ಹೊಟ್ಟೆ ಬರಿದಿದ್ದರೆ ಹೊದ್ದವರ ಹೊಟ್ಟೆಯೂ ಬರಿದಾಗುತ್ತದೆ ಅನ್ನುವುದು ಅವಳ ಮಾತು.

ಅವ್ವ ತೀರಿಕೊಂಡಾಗ ತಂಗಿಯ ಮಗಳಿಗೆ ಏಳು ವರ್ಷ. ಅವ್ವನನ್ನು ಆಯಿ ಎನ್ನುತ್ತ, ಹುಟ್ಟಿದಾಗಿನಿಂದ ಅವಳ ಮಗ್ಗುಲಲ್ಲೇ ಮಲಗಿ ಬೆಳೆದ ಕೂಸು. ಸಾವಿನ ಮನೆಯಲ್ಲಿ ದೊಡ್ಡವರಿಗೆ ಕೈತುಂಬ ಕೆಲಸವಿರುತ್ತದೆ. ಬಂದವರಿಗೆ ಚಹಾ, ಸ್ವಾಮಿಗಳಿಗೆ ಹೇಳಿಕಳಿಸುವುದು, ದಿನಗಳ ಲೆಕ್ಕ, ಅಡಿಗೆಯವರ ಏರ್ಪಾಡು. ಅಳುವುದಕ್ಕೂ ಒಂದು ಹೊತ್ತು, ಒಂದು ರೀತಿ ಇದೆ. ಹೊಸಬರು ಬಂದು ಹೊಸಿಲಲ್ಲಿ ನಿಂತೊಡನೆ ಅಳು ಏಳುತ್ತದೆ, ನೀರು ಕೊಟ್ಟ ಮೇಲೆ ಇಳಿಯುತ್ತದೆ. ಮಗುವಿಗೆ ಇದರಲ್ಲಿ ಯಾವ ಪಾಲೂ ಇರುವುದಿಲ್ಲ. ಅದನ್ನು ಪಕ್ಕದ ಮನೆಗೆ ಕಳಿಸುತ್ತಾರೆ, ಕೈಗೆ ಫೋನು ಕೊಟ್ಟು ಕೂರಿಸುತ್ತಾರೆ, ಆಯಿ ದೇವರ ಹತ್ತಿರ ಹೋಗಿದ್ದಾಳೆ ಅನ್ನುತ್ತಾರೆ. ಈ ಹುಡುಗಿ ಅಂಗಳದಲ್ಲಿ ಮಕ್ಕಳ ಜೊತೆ ಕುಂಟಾಬಿಲ್ಲೆ ಆಡಿದಳು, ಹಸಿವೆಂದು ಕೇಳಿ ಉಂಡಳು. ನೋಡಿದವರು, ಪಾಪ, ಅದಕ್ಕೇನೂ ತಿಳಿಯುವುದಿಲ್ಲ ಎಂದರು. ಸಂಜೆ ದೀಪ ಹಚ್ಚಿದ ಮೇಲೆ ಹುಡುಗಿ ಕಾಣಲಿಲ್ಲ. ಒಳಕೋಣೆಯಲ್ಲಿ ಆಯಿಯ ಕೌದಿಯನ್ನು ತಲೆಯ ಮೇಲಿನತನಕ ಎಳೆದುಕೊಂಡು ಮಲಗಿದ್ದಳು. ನಿದ್ದೆ ಮಾಡುತ್ತಿರಲಿಲ್ಲ. ಒಳಗಿನಿಂದ ಬೆರಳಾಡುವುದು ಕಾಣುತ್ತಿತ್ತು.

ತಂಗಿ ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿಗೆ ಕೌದಿಯೊಳಗಿನಿಂದ ಪ್ರಶ್ನೆ ಬಂತು: 'ಈ ಕೆಂಪಂದು ಯಾರ ಸೀರಿ?' ಆಯಿಯದು ಎಂದಳು. 'ಯಾವಾಗ ಉಡ್ತಿದ್ಲು?' ನಿಮ್ಮ ದೊಡ್ಡಮ್ಮನ ಮದುವಿಯೊಳಗ ಉಟ್ಟಿದ್ಲು. 'ಈ ಬಿಳೀದು?' ಮುತ್ಯಾಂದು. 'ಮುತ್ಯಾನೂ ಸತ್ತಾನಲ್ಲ?' ಹೂಂ. 'ಈ ಹೂವಿಂದು?' ಅದು ನಿಮ್ಮ ದೊಡ್ಡಮ್ಮನ ಲಂಗ. ಆಕಿ ನಿನ್ನಷ್ಟ ಇದ್ದಾಗಿಂದು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: 'ಆಯಿ ತಿರುಗಿ ಬರೂದಿಲ್ಲ ಹೌದಿಲ್ಲೊ?' ಬರೂದಿಲ್ಲ ಎಂದು ತಂಗಿ ಹೇಳಿದಳು. ಆಗ ಅತ್ತಳು. ಎಲ್ಲರೆದುರು ಕುಳಿತು ಅಳು ಎಂದರೆ ಅದಕ್ಕೆ ಆಗದಿದ್ದದ್ದು ಕೌದಿಯ ಕತ್ತಲಲ್ಲಿ ಆಯಿತು.

ಮಕ್ಕಳಿಗೆ ಸಾವು ತಿಳಿಯುವುದಿಲ್ಲ ಅನ್ನುವ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ಆ ತಿಳಿವಳಿಕೆ ಹಂತ ಹಂತವಾಗಿ ಬರುವಂಥದು. ಸತ್ತವರು ಮರಳುವುದಿಲ್ಲ, ಸತ್ತ ಮೇಲೆ ಉಸಿರಾಟ ನೋವು ಹಸಿವು ಯಾವುದೂ ಇರುವುದಿಲ್ಲ, ಎಲ್ಲರೂ ಒಂದು ದಿನ ಸಾಯುತ್ತಾರೆ ಎಂಬ ಮೂರು ಸಂಗತಿಗಳನ್ನು ಹೆಚ್ಚಿನ ಮಕ್ಕಳು ಐದರಿಂದ ಏಳು ವರ್ಷದ ನಡುವೆ ಹಿಡಿದುಕೊಳ್ಳುತ್ತಾರೆ ಎಂದು ಸ್ಪೀಸ್ ಮತ್ತು ಬ್ರೆಂಟ್ ಎಂಬ ಅಮೆರಿಕದ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ 1984ರಲ್ಲಿ ಬರೆದರು. ನಮ್ಮ ಹುಡುಗಿ ಆ ಹೊಸಿಲ ಮೇಲೇ ಇದ್ದಳು. ದುಃಖ ಮಕ್ಕಳಲ್ಲಿ ತುಣುಕು ತುಣುಕಾಗಿ ಬರುತ್ತದೆ. ಒಂದು ಗಳಿಗೆ ಅಳು, ಮರುಗಳಿಗೆ ಆಟ. ದೊಡ್ಡವರಂತೆ ಗಂಟೆಗಟ್ಟಲೆ ಅದರೊಳಗೆ ಕುಳಿತಿರುವ ಶಕ್ತಿ ಅವುಗಳಿಗಿಲ್ಲ. ಹೀಗೆ ಹೋಗಿ ಬಂದು ಮಾಡುವ ಮನಸ್ಸಿಗೆ ಹೋದಲ್ಲೇ ಮತ್ತೆ ಸಿಗುವ ಒಂದು ಜಾಗ ಬೇಕು. ಮಾತು ಅಂಥ ಜಾಗವಾಗಲಾರದು. ಮಾತು ಆಡಿದಲ್ಲಿಗೆ ಮುಗಿಯುತ್ತದೆ. ಕೈಗೆ ಸಿಗುವ, ಮೈಗೆ ತಾಕುವ ವಸ್ತು ನಿನ್ನೆ ಇದ್ದಲ್ಲೇ ಇವತ್ತೂ ಇರುತ್ತದೆ.

ಹದಿಮೂರನೆಯ ದಿನದ ಮನೆ ತೊಳೆಯುವ ಗಡಿಬಿಡಿಯಲ್ಲಿ ಅವ್ವನ ಹಾಸಿಗೆ ಬಟ್ಟೆಗಳನ್ನೆಲ್ಲ ಹಿತ್ತಲಿಗೆ ಹಾಕಿದ್ದರು. ಕೌದಿಯನ್ನು ಬಕೆಟ್ಟಿಗೆ ಅದ್ದಬೇಕು ಅನ್ನುವಷ್ಟರಲ್ಲಿ ಹುಡುಗಿ ಓಡಿಬಂದು ಅದರ ತುದಿ ಹಿಡಿದುಕೊಂಡಳು. 'ಒಗೀಬ್ಯಾಡ್ರಿ, ವಾಸನಿ ಹೋಗ್ತದ!' ಆ ವಾಸನೆ ಏನೆಂದು ನನಗೆ ಗೊತ್ತು. ಕೊಬ್ಬರಿಎಣ್ಣೆ, ವಿಭೂತಿ, ಮಂಡಿನೋವಿಗೆ ಹಚ್ಚಿಕೊಳ್ಳುತ್ತಿದ್ದ ಅಮೃತಾಂಜನ, ಒಲೆಯ ಹೊಗೆ ಎಲ್ಲ ಕೂಡಿ ಆದ ವಾಸನೆ ಅದು. ಬೇರೆ ಯಾರ ಮನೆಯಲ್ಲೂ ಸಿಗುವುದಿಲ್ಲ. ಮಿಕ್ಕ ಇಂದ್ರಿಯಗಳ ಸುದ್ದಿ ಮೆದುಳಿನ ನಡುವಿನ ಥಲಾಮಸ್ ಎಂಬ ಕಟ್ಟೆಯನ್ನು ಹಾದು ಮುಂದೆ ಹೋದರೆ, ವಾಸನೆಯ ಸುದ್ದಿ ಆ ಕಟ್ಟೆಯನ್ನು ಕಾಯದೆ ಭಾವನೆ ಮತ್ತು ನೆನಪಿನ ಜಾಗಗಳನ್ನು ಮುಟ್ಟುತ್ತದೆ. ಹಾಗಾಗಿಯೇ ಒಂದು ಹಳೆಯ ವಾಸನೆ ಮೂಗಿಗೆ ಬಡಿದಾಗ ಇದು ಎಲ್ಲಿಯದು ಎಂದು ನೆನಪಾಗುವ ಮೊದಲೇ ಕಣ್ಣು ತುಂಬಿಬಿಟ್ಟಿರುತ್ತದೆ.

ಬ್ರಿಟನ್ನಿನ ಮಕ್ಕಳ ವೈದ್ಯ ಮತ್ತು ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1953ರಲ್ಲಿ ಅಚ್ಚಾದ ತನ್ನ ಪ್ರಸಿದ್ಧ ಲೇಖನದಲ್ಲಿ ಕೂಸುಗಳು ಹಿಡಿದುಕೊಂಡು ಮಲಗುವ ಹೊದಿಕೆ, ಬಟ್ಟೆಯ ಚೂರು, ಗೊಂಬೆಗಳ ಬಗ್ಗೆ ಬರೆದ. ತಾಯಿ ಪಕ್ಕದಲ್ಲಿಲ್ಲದ ಹೊತ್ತನ್ನು ಮಗು ಇಂಥ ವಸ್ತುವಿನ ಆಸರೆಯಿಂದ ದಾಟುತ್ತದೆ ಎಂದ. ಆ ಲೇಖನದಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿಯಿದೆ. ಆ ಬಟ್ಟೆ ಕೊಳೆಯಾಗಿ ನಾತ ಹೊಡೆದರೂ ತಾಯಂದಿರು ಅದನ್ನು ಒಗೆಯದೆ ಬಿಡುತ್ತಾರೆ. ಒಗೆದರೆ ಮಗುವಿನ ಅನುಭವದ ಎಳೆ ಕಡಿದುಹೋಗುತ್ತದೆಂದು ಅವರಿಗೆ ಗೊತ್ತಿರುತ್ತದೆ ಎನ್ನುತ್ತಾನೆ. ಅವನು ಬರೆದದ್ದು ಎಳೆಗೂಸುಗಳ ಬಗ್ಗೆ. ಹಿತ್ತಲಲ್ಲಿ ಕೌದಿಯ ತುದಿ ಹಿಡಿದು ನಿಂತ ಏಳರ ಹುಡುಗಿಗೂ ಅದು ಅಷ್ಟೇ ಸಲ್ಲುತ್ತದೆ. ತಂಗಿ ಒಗೆಯಲು ಬಿಡಲಿಲ್ಲ. ಮಡಿಮೈಲಿಗೆಯ ಮಾತು ಬಂತು. ಬಂದ ಹಿರಿಯರಲ್ಲಿ ಒಬ್ಬರು, ಬಿಸಿಲಿಗೆ ಹಾಕಿ ತೆಗೀರಿ, ಸೂರ್ಯನಿಗಿಂತ ದೊಡ್ಡ ಶುದ್ಧಿ ಯಾವುದದ ಎಂದು ತೀರ್ಮಾನ ಕೊಟ್ಟರು. ಕೌದಿ ಮಾಳಿಗೆಗೆ ಹೋಯಿತು.

ಇನ್ನೊಂದು ಮನೆ ತುಮಕೂರಿನದು, ನನ್ನ ಗೆಳತಿಯದು. ಅಲ್ಲಿ ತೀರಿಕೊಂಡವರು ಅಜ್ಜ, ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟರು. ಉಳಿದದ್ದು ಅವರ ಎಚ್‌ಎಂಟಿ ಜನತಾ ಗಡಿಯಾರ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ನಮ್ಮ ನಾಡಿನ ಎಷ್ಟು ಮಣಿಕಟ್ಟುಗಳಿಗೆ ಹೊತ್ತು ತೋರಿಸಿತೋ ಲೆಕ್ಕವಿಲ್ಲ. ಹತ್ತನೆಯ ಕ್ಲಾಸು ಪಾಸಾದರೆ, ನೌಕರಿ ಸಿಕ್ಕರೆ, ಮದುವೆಯಾದರೆ ಎಚ್‌ಎಂಟಿ. ತುಮಕೂರಿನಲ್ಲೂ ಅದರ ಕಾರ್ಖಾನೆಯಿತ್ತು. 2016ರಲ್ಲಿ ಅದು ಮುಚ್ಚಿಹೋಯಿತು. ಮೇಷ್ಟರ ಜನತಾಗೆ ಬ್ಯಾಟರಿಯಿಲ್ಲ. ದಿನಕ್ಕೊಮ್ಮೆ ಕೀ ಕೊಡಬೇಕು. ಗಾಜಿನ ಮೇಲೆ ಗೀರುಗಳು ಎಷ್ಟಿವೆಯೆಂದರೆ ದೀಪದಡಿ ಹಿಡಿದರೆ ಜೇಡರಬಲೆ ಕಟ್ಟಿದಂತೆ ಮಿನುಗುತ್ತದೆ. ಅದರ ಕೆಳಗೆ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ ಮುಖ, ತೆಳ್ಳನೆಯ ಮುಳ್ಳುಗಳು, 17 ಜ್ಯುವೆಲ್ಸ್ ಎಂಬ ಸಣ್ಣ ಬರಹ.

ನನ್ನ ಕಣ್ಣು ನಿಂತದ್ದು ಅದರ ಚರ್ಮದ ಪಟ್ಟಿಯ ಮೇಲೆ. ಒಂದೇ ಪಟ್ಟಿಯನ್ನು ಮೇಷ್ಟರು ಹಲವು ವರ್ಷ ಬಳಸಿದ್ದರು. ಮೂರನೆಯ ತೂತಿನ ಬಳಿ ಒಂದು ಆಳವಾದ ಮಡಿಕೆ, ಬಕಲಿನ ಕಪ್ಪು ಗುರುತು. ನಾಲ್ಕನೆಯದರ ಬಳಿ ಅದಕ್ಕಿಂತ ಕಡಿಮೆ. ಐದನೆಯದರಲ್ಲಿ ಬರೀ ಗೆರೆ. ಅದರಾಚೆ ಮೊಳೆ ಕಾಯಿಸಿ ಕೊರೆದ ಒಂದು ತೂತು, ಅಂಚು ಸುಟ್ಟಿದೆ. ಕಾಯಿಲೆ ಬಿದ್ದ ಮೇಲೆ ಕೈ ಸಣ್ಣಗಾಗುತ್ತ ಬಂದ ದಾರಿಯೆಲ್ಲ ಆ ಪಟ್ಟಿಯ ಮೇಲಿದೆ. ಮೊಮ್ಮಗನಿಗೆ ಒಂಬತ್ತು ವರ್ಷ. ಅವನ ಕೈಗೆ ಅದೂ ಸಡಿಲವೆಂದು ಅಪ್ಪ ಇನ್ನೂ ಒಂದು ತೂತು ಕೊರೆದುಕೊಟ್ಟ. ಹುಡುಗ ಬೆಳೆದಂತೆ ಬಕಲು ಈಗ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಒಂದು ದಿನ ಅವನ ಕೈ ಅಜ್ಜನ ಮೂರನೆಯ ತೂತನ್ನು ಮುಟ್ಟುತ್ತದೆ. ಹುಡುಗನಿಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ನನಗೆ ಗಡಿಯಾರ ತೋರಿಸುವಾಗ ಅವನೇ ಆ ಮಡಿಕೆಯ ಮೇಲೆ ಉಗುರಿಟ್ಟು, 'ತಾತ ದಪ್ಪ ಇದ್ದಾಗ ಇಲ್ಲಿಗೆ ಹಾಕ್ತಿದ್ರು' ಎಂದ.

ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಅವನು ಕೀ ಕೊಡುತ್ತಾನೆ. ಹೆಬ್ಬೆರಳು ತೋರುಬೆರಳಿನ ನಡುವೆ ಆ ಪುಟ್ಟ ತಿರುಪು ಮುಂದಕ್ಕೆ ಹಿಂದಕ್ಕೆ ಆಡುವಾಗ ಹಲ್ಲಿಗೆ ಹಲ್ಲು ಸಿಕ್ಕುವ ಕಿರಕಿರ ಸದ್ದು. ಒಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿ ಬಿಗಿಯಾಗುತ್ತ ಬಂದು, ಇನ್ನು ಸಾಕು ಎಂದು ಬೆರಳಿಗೆ ತಾನಾಗಿ ತಿಳಿಸುತ್ತದೆ. ಆಮೇಲೆ ಒತ್ತಾಯ ಮಾಡಬಾರದು. ಆ ಬಿಗಿತ ಮರುದಿನದವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತ ಮುಳ್ಳುಗಳನ್ನು ನಡೆಸುತ್ತದೆ. ಕಿವಿಗಿಟ್ಟರೆ ಸೆಕೆಂಡಿಗೆ ಐದು ಸಲ ಟಿಕ್ಕೆನ್ನುತ್ತದೆ. ಅಜ್ಜ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಕೀ ಕೊಡುವವರಿಲ್ಲದೆ ಗಡಿಯಾರ ನಿಂತಿತ್ತು. ಅದನ್ನು ಮತ್ತೆ ನಡೆಸಿದವನು ಈ ಹುಡುಗ. ಅಜ್ಜನನ್ನು ಉಳಿಸಿಕೊಳ್ಳುವುದು ಅವನ ಕೈಲಿರಲಿಲ್ಲ, ಮನೆಯ ಯಾರ ಕೈಲೂ ಇರಲಿಲ್ಲ. ದಿನಾ ಬೆಳಿಗ್ಗೆ ಗಡಿಯಾರ ನಿಲ್ಲದಂತೆ ನೋಡಿಕೊಳ್ಳುವುದು ಅವನ ಕೈಲಾಗುತ್ತದೆ. ಸಾವಿನೆದುರು ಏನೂ ಮಾಡಲಾಗದೆ ನಿಂತ ಮಗುವಿಗೆ ತನ್ನಿಂದ ಆಗುವ ಒಂದು ಕೆಲಸ ಸಿಕ್ಕಿತಲ್ಲ, ಅದನ್ನು ನಾನು ಸಣ್ಣ ಸಂಗತಿ ಎಂದುಕೊಳ್ಳಲಾರೆ.

ಹೋದವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಬರೆದ ಮೇಲೆ ಬಹಳ ಕಾಲ ಪಶ್ಚಿಮದ ಮನೋವೈದ್ಯರು ಆ ದಾರಿಯಲ್ಲೇ ಯೋಚಿಸಿದರು. ಸತ್ತವರ ವಸ್ತು ಹಿಡಿದುಕೊಂಡಿದ್ದರೆ ದುಃಖ ವಾಸಿಯಾಗಿಲ್ಲ ಎಂದೇ ಅರ್ಥ. ಆಮೇಲೆ ಬಾಸ್ಟನ್ನಿನಲ್ಲಿ ಫಿಲಿಸ್ ಸಿಲ್ವರ್‌ಮನ್, ವಿಲಿಯಂ ವರ್ಡನ್ ಮೊದಲಾದವರು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ, ಆರರಿಂದ ಹದಿನೇಳು ವಯಸ್ಸಿನ 125 ಮಕ್ಕಳನ್ನು ಎರಡು ವರ್ಷ ಕಾಲ ಮತ್ತೆ ಮತ್ತೆ ಕಂಡು ಮಾತಾಡಿಸಿದರು. ಹೆಚ್ಚಿನ ಮಕ್ಕಳು ಹೋದವರ ಯಾವುದಾದರೂ ವಸ್ತುವನ್ನು ಹತ್ತಿರ ಇಟ್ಟುಕೊಂಡಿದ್ದರು. ಹೋದವರ ಜೊತೆ ಮಾತಾಡುತ್ತಿದ್ದರು, ಅವರು ತಮ್ಮನ್ನು ನೋಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಇವು ಕಾಯಿಲೆಯ ಲಕ್ಷಣಗಳಲ್ಲ. ಸಂಬಂಧ ಮುಗಿಯದೆ ಬೇರೆ ರೂಪದಲ್ಲಿ ಮುಂದುವರಿಯುವ ಬಗೆ ಎಂಬುದು ಅವರಿಗೆ ಕಂಡುಬಂತು. ಸಿಲ್ವರ್‌ಮನ್ ಮತ್ತು ಜೊತೆಗಾರರು 1996ರಲ್ಲಿ ತಂದ ಪುಸ್ತಕದಿಂದ ಈ ವಿಚಾರ ನೆಲೆಯೂರಿತು.

ನಮ್ಮ ಹಳ್ಳಿಗಳಿಗೆ ಇದು ಹೊಸ ಸುದ್ದಿಯಲ್ಲ. ಹಳೆ ಮೈಸೂರಿನ ಕಡೆ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಹಿರಿಯರ ಹಬ್ಬ ಬರುತ್ತದೆ. ಹೊಸ ಸೀರೆ ಪಂಚೆ ತಂದು ಇಟ್ಟು, ಹೋದವರಿಗೆ ಇಷ್ಟವಾಗಿದ್ದನ್ನೆಲ್ಲ ಮಾಡಿ ಎಡೆ ಹಾಕುತ್ತಾರೆ. ತಾತನಿಗೆ ಬೀಡಿ ಇಷ್ಟವಿದ್ದರೆ ಬೀಡಿಕಟ್ಟು, ಅಜ್ಜಿಗೆ ಎಲೆಅಡಿಕೆಯಿದ್ದರೆ ಎಲೆಅಡಿಕೆ. ಬಾಗಿಲು ಮುಂದೆಮಾಡಿ ಎಲ್ಲರೂ ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಉಣ್ಣಲಿ ಎಂದು. ಆ ಹೊತ್ತಿನಲ್ಲಿ ಅಂಗಳದ ಮಕ್ಕಳ ಮುಖ ನೋಡಬೇಕು. ಉಸಿರು ಬಿಗಿಹಿಡಿದು ಬಾಗಿಲ ಸಂದಿಗೆ ಕಿವಿಯಿಟ್ಟಿರುತ್ತವೆ. ಎಡೆಗೆ ಏನೇನಿಡಬೇಕು ಎಂಬ ಪಟ್ಟಿ ಹಾಕುವಾಗ ಮಕ್ಕಳನ್ನು ಕೇಳಿ ನೋಡಿ. ದೊಡ್ಡವರು ಒಬ್ಬಟ್ಟು, ವಡೆ ಎನ್ನುತ್ತಿರುವಾಗ ಮಗು, ತಾತನಿಗೆ ಪೆಪ್ಪರಮೆಂಟು ಬೇಕು, ಜೇಬಲ್ಲಿ ಇಟ್ಕೊಂಡಿರ್ತಿದ್ರು ಎನ್ನುತ್ತದೆ. ಆ ಪೆಪ್ಪರಮೆಂಟು ಮಗುವಿಗೂ ತಾತನಿಗೂ ಮಾತ್ರ ಗೊತ್ತಿದ್ದ ಸಂಗತಿ. ಅದಕ್ಕೆ ಎಲೆಯ ಮೇಲೆ ಜಾಗ ಸಿಕ್ಕರೆ ಆ ಸಂಬಂಧವೂ ಮನೆಯ ಲೆಕ್ಕಕ್ಕೆ ಬಂದಂತೆ.

ಎಲ್ಲ ನೆನಪಿನ ವಸ್ತುಗಳೂ ಒಂದೇ ತೂಕದವಲ್ಲ. ಮಕ್ಕಳ ಮಟ್ಟಿಗೆ ಹೇಳುವುದಾದರೆ ಬಂಗಾರ ಎಲ್ಲಕ್ಕಿಂತ ಬಡವಾದದ್ದು. ಬೋರಮಾಳ ಸರ, ಬಿಲ್ವಾರ ಲಾಕರಿನ ಕತ್ತಲಿಗೆ ಹೋಗುತ್ತವೆ. ಮದುವೆಯ ದಿನ ಕೈಗೆ ಬರುವ ಹೊತ್ತಿಗೆ ಅಜ್ಜಿಯ ದನಿಯೂ ಮರೆತಿರುತ್ತದೆ. ಗೋಡೆಯ ದೊಡ್ಡ ಫೋಟೊ ಮನೆಗೆ ಬಂದವರಿಗಾಗಿ. ಹಾರ ಹಾಕಿ ದೀಪವಿಟ್ಟ ಆ ಗಂಭೀರ ಮುಖವನ್ನು ಮಗು ಗುರುತಿಸುವುದೂ ಕಷ್ಟ. ಫೋನಿನಲ್ಲಿ ಉಳಿದ ದನಿಯ ತುಣುಕು ಬಹಳ ಬೆಲೆಯುಳ್ಳದ್ದು. ಊಟ ಆಯ್ತಾ ಪುಟ್ಟಾ ಎಂಬ ಎರಡು ಮಾತನ್ನು ಕಾಪಾಡಿಟ್ಟುಕೊಳ್ಳಲೇಬೇಕು. ಆದರೆ ಅದನ್ನು ಹೊದೆಯಲಾಗುವುದಿಲ್ಲ. ದಿನವೂ ಬಳಸಿ ಸವೆದದ್ದು, ಮಗುವಿನ ಕೈಗೆ ಹಿಡಿಸುವಂಥದ್ದು, ಮುರಿದರೆ ರಿಪೇರಿಯಾಗುವಂಥದ್ದು, ಯಾರಾದರೂ ಕತೆ ಹೇಳಬಲ್ಲಂಥದ್ದು ಒಳ್ಳೆಯ ವಸ್ತು. ಅಡಕೊತ್ತು, ಕನ್ನಡಕದ ಡಬ್ಬಿ, ಊರುಗೋಲಿನ ತುದಿಯ ರಬ್ಬರು ಬಿರಡೆ, ಲೆಕ್ಕ ಬರೆದ ಡೈರಿ, ಚಪಾತಿ ಲಟ್ಟಣಿಗೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಇಂಥ ನೂರಾರು ಮನೆಬಳಕೆಯ ಸಾಮಾನುಗಳನ್ನು ಜೋಡಿಸಿಟ್ಟಿದ್ದಾರೆ. ಒಂದು ಜನಜೀವನವೇ ಕಣ್ಣಿಗೆ ಕಟ್ಟುತ್ತದೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಜಾಗ. ಮನೆಯ ಅಡಕೊತ್ತಿಗೆ ಇರುವ ಹೆಚ್ಚಿನ ಗುಣ ಒಂದೇ: ಅದನ್ನು ಹಿಡಿದ ಕೈ ಯಾರದೆಂದು ಮಗುವಿಗೆ ಗೊತ್ತು.

ಸತ್ತವರ ವಸ್ತು ಮಕ್ಕಳಿಗೆ ತಾಗಿಸಬಾರದು ಎಂಬ ಹೆದರಿಕೆ ಹಲವು ಮನೆಗಳಲ್ಲಿದೆ. ಮಗು ಅದನ್ನೇ ಹಚ್ಚಿಕೊಂಡು ಕೊರಗೀತು ಎಂಬ ಚಿಂತೆಯೂ ಇರುತ್ತದೆ. ಈ ಹೆದರಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಅದರ ಹಿಂದೆ ಇರುವುದು ಪ್ರೀತಿಯೇ. ಬೇಡವೆನ್ನುವ ಮಗುವಿಗೆ ಒತ್ತಾಯ ಮಾಡಲೂಬಾರದು. ಕೆಲವು ಮಕ್ಕಳು ಅಜ್ಜನ ಕುರ್ಚಿಯ ಹತ್ತಿರವೇ ಹೋಗುವುದಿಲ್ಲ, ಹೋಗುವ ಕಾಲ ಬಂದಾಗ ತಾವಾಗಿ ಹೋಗುತ್ತಾರೆ. ಆದರೆ ಕೇಳಿಕೊಂಡು ಬಂದ ಮಗುವಿನಿಂದ ವಸ್ತುವನ್ನು ಅಡಗಿಸಿದರೆ ಅದು ಕಲಿಯುವುದು, ಈ ಮನೆಯಲ್ಲಿ ಆಯಿಯ ಹೆಸರೆತ್ತಬಾರದು ಎಂಬ ಪಾಠವನ್ನು. ಆಯಿ ನಿದ್ದೆ ಮಾಡಿದ್ದಾಳೆ ಎಂದು ಹೇಳಿಸಿಕೊಂಡ ಮಗು ತಾನು ನಿದ್ದೆ ಮಾಡಲು ಹೆದರುತ್ತದೆ. ಸತ್ತಳು ಎಂಬ ಬಿಚ್ಚುಮಾತು, ಜೊತೆಗೆ ಕೈಗೊಂದು ಅವಳ ವಸ್ತು, ಇವೆರಡೂ ಸೇರಿದರೆ ಮಗು ತಡೆದುಕೊಳ್ಳುತ್ತದೆ.

ಅವ್ವನ ಕೊನೆಯ ನಿತ್ಯದ ಸೀರೆಯ ವಿಷಯದಲ್ಲಿ ನಮ್ಮಲ್ಲಿ ಎರಡು ಮಾತಾಯಿತು. ಹಸಿರು ಒಡಲು, ನೀಲಿ ದಡಿ. ಹಾಗೇ ಪೂರ್ತಿಯಾಗಿ ಇಡಬೇಕೆಂದು ಅಕ್ಕ, ಕೌದಿಗೆ ಹಾಕೋಣವೆಂದು ತಂಗಿ. ಕೌದಿಯ ಒಂದು ಬದಿ ಇಲಿ ಕಡಿದು ಹರಿದಿತ್ತು, ತೇಪೆ ಬೇಕಿತ್ತು. ಹುಡುಗಿಯನ್ನು ಕೇಳಿದೆವು. ಅವಳು, 'ಎಲ್ಲಾರ ಸೀರೀನೂ ಅದರಾಗ ಅದ, ಆಕಿದು ಈಗಿಂದು ಇಲ್ಲ' ಎಂದಳು. ಅಕ್ಕ ಒಪ್ಪಿದಳು. ಸೀರೆಯ ಸೆರಗನ್ನು ಉಳಿಸಿ ಒಡಲಿನಿಂದ ಚೌಕ ಕತ್ತರಿಸಿದೆವು. ತಂಗಿ ಹೊಲಿದಳು, ಕೊನೆಯ ಗೆರೆಯನ್ನು ಹುಡುಗಿಯ ಕೈಗೆ ಕೊಟ್ಟಳು. ಅವ್ವನ ಹಳೆಯ ಹೊಲಿಗೆ ಜೋಳದ ಕಾಳಿನಷ್ಟು ಸಣ್ಣದು, ಒಂದರ ಹಿಂದೆ ಒಂದು ಅಳತೆ ತಪ್ಪದೆ. ಮುಪ್ಪಿನಲ್ಲಿ ಕಣ್ಣು ಮಂಜಾದ ಮೇಲೆ ಹಾಕಿದ ಗೆರೆಗಳಲ್ಲಿ ಹೊಲಿಗೆ ಉದ್ದವಾಗಿ ವಾರೆಯಾಗಿದೆ. ಆ ವಾರೆಗೆರೆಯ ಪಕ್ಕದಲ್ಲೇ ಹುಡುಗಿಯ ಹೊಲಿಗೆ ಕುಳಿತಿತು, ಅದೂ ಉದ್ದ, ಅದೂ ವಾರೆ. ಎಲ್ಲಿ ಅವ್ವ ನಿಂತಳು, ಎಲ್ಲಿ ಮೊಮ್ಮಗಳು ಶುರುಮಾಡಿದಳು ಎಂದು ಹೇಳಬೇಕಾದರೆ ದಾರದ ಹೊಳಪು ನೋಡಬೇಕು. ಬಾಯಿ ಮುಚ್ಚುವ ಮೊದಲು ಅವಳೇ ಅಡಿಗೆಮನೆಗೆ ಓಡಿಹೋಗಿ ಮುಷ್ಟಿಯಲ್ಲಿ ಅಕ್ಕಿ ತಂದಳು. ನಾಲ್ಕು ಕಾಳು ಸಾಕು ಎಂದರೂ ಕೇಳದೆ ಎಲ್ಲ ಹಾಕಿದಳು.

ಆ ಕೌದಿ ಈಗ ತಂಗಿಯ ಮನೆಯಲ್ಲಿ ದಿನಬಳಕೆಯಲ್ಲಿದೆ. ವಾಸನೆ ವರ್ಷದೊಳಗೆ ತಾನಾಗಿ ಹೋಯಿತು. ಹೋಯಿತೆಂದು ಹುಡುಗಿಯೇ ಬಂದು ಹೇಳಿದಳು, ಇನ್ನು ಒಗೆಯಬಹುದು ಎಂದಳು. ಅವಸರ ಮಾಡದಿದ್ದರೆ ಮಕ್ಕಳು ತಮ್ಮ ಹೊತ್ತಿಗೆ ತಾವೇ ಈ ದಾರಿಯನ್ನು ಮುಗಿಸುತ್ತಾರೆ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡು, ದಿನಗಳೆಲ್ಲ ಮುಗಿದು, ಅವರ ಕೋಣೆ ತೆರವು ಮಾಡಲು ಕುಳಿತಾಗ ಮಕ್ಕಳನ್ನು ಹೊರಗೆ ಕಳಿಸಬೇಡಿ. ಒಳಗೆ ಕರೆದು ಕೂರಿಸಿಕೊಳ್ಳಿ, ನಿನಗೆ ಯಾವುದು ಬೇಕು ಎಂದು ಕೇಳಿ. ಬೆಲೆಯಿಲ್ಲದ್ದನ್ನು ಆರಿಸಿಕೊಂಡರೆ ತಿದ್ದಲು ಹೋಗಬೇಡಿ. ಅದು ಯಾರದು, ಯಾವಾಗಿನದು, ಹೇಗೆ ಬಳಸುತ್ತಿದ್ದರು ಎಂದು ನಿಮಗೆ ಗೊತ್ತಿದ್ದಷ್ಟನ್ನು ಹೇಳಿ, ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟಿ. ಬೀರುವಿನಲ್ಲಿಟ್ಟು ಬೀಗ ಹಾಕದೆ ಬಳಸಲು ಕೊಡಿ, ಸವೆದರೆ ಸವೆಯಲಿ. ಮತ್ತು ಬಟ್ಟೆಯಾಗಿದ್ದರೆ, ಒಗೆಯುವ ಮೊದಲು ಮಗುವನ್ನೊಮ್ಮೆ ಕೇಳಿ.